ರಾಕ್ಷಸನೂ ಮಾಸಿದ ಬಟ್ಟೆಯ ಗಂಟೂ

"ಕುಸ್ತಿಯಲ್ಲಿ ನನ್ನನ್ನು ಕೆಡವಿ, ಇಲ್ಲವೇ ಊರ ಕೆರೆ ನನ್ನದು" ಎಂದು ಗುಡುಗಿದ ರಾಕ್ಷಸ ಧೂಮಕೇಶ, ಬಲದ ಕಷಾಯ ಕುಡಿದ. ತೋಳು ಕಂಬದಂತೆ ಉಬ್ಬಿತು. ಆ ಬಲ ಹೆಚ್ಚು ಹೊತ್ತು ನಿಲ್ಲದೆಂದು ಅಗಸಗಿತ್ತಿ ಸಂಕವ್ವನಿಗೆ ಗೊತ್ತಿತ್ತು. ಅವಳು ದೊಡ್ಡ ಗಂಟು ಹೊತ್ತು ಅಖಾಡಕ್ಕೆ ಬಂದಳು.

"ಏನೇ ಅದು?"

"ಮಾಸಿದ ಬಟ್ಟೆ, ದಣಿ. ನೀವು ನೋಡಬೇಡಿ."

"ನೋಡಬಾರದಂತೆ! ಮಾಟ ಬಚ್ಚಿಟ್ಟಿದ್ದೀಯ. ಬಿಚ್ಚು!"

ಅವಳು ಬಿಚ್ಚಿದಳು. ಅವನು ಒಂದೊಂದೇ ಸೀರೆ ಕೊಡವಿದ, ಮಡಿಕೆ ಮಡಿಕೆಯನ್ನೂ ಮೂಸಿದ. ಕೊನೆಗೆ ಸಿಕ್ಕಿದ್ದು ಗೌಡರ ಹರಕು ಚಡ್ಡಿ. ಅಷ್ಟರಲ್ಲಿ ಅವನ ತೋಳು ಸೊರಗಿ ಕಡ್ಡಿಯಾಗಿತ್ತು.

"ಮೋಸ!"

"ಬಟ್ಟೆ ಅಂತ ಮೊದಲೇ ಹೇಳಿದೆನಲ್ಲ!" ಎಂದ ಸಂಕವ್ವ ಆಗ ಸೆರಗಿನಲ್ಲಿ ಬಚ್ಚಿಟ್ಟು ತಂದಿದ್ದ ತನ್ನ ಬಲದ ಕಷಾಯ ಕುಡಿದಳು. ತೋಳು ಉಬ್ಬಿ ಬಳೆಗಳು ಪಟಪಟ ಒಡೆದವು. "ಬನ್ನಿ ದಣಿ, ಕುಸ್ತಿ."

ಧೂಮಕೇಶ ಕೈಮುಗಿದ. "ಕೆರೆ ನಿಮ್ಮದೇ, ಅಕ್ಕಾ. ಈ ಬಟ್ಟೆ ಒಗೆದುಕೊಡಲಾ?"