ನೆರಳು ಬಿಟ್ಟುಕೊಟ್ಟ ಗ್ರಾಫಿಕ್ಸ್ ಕಾರ್ಡು

ಒಂದು ಹಳೆಯ ಕಂಪ್ಯೂಟರಿನೊಳಗೆ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡೂ ಅದಕ್ಕೆ ಗಾಳಿ ಹಾಕುವ ಫ್ಯಾನೂ ಜೊತೆಯಾಗಿ ಬಾಳುತ್ತಿದ್ದವು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಕಸ್ತೂರಮ್ಮ, ಕೈಗೆ ಅಭ್ಯಾಸವಾಗಲೆಂದು ದೋಣಿಯ ಆಟ ಆಡಲು ಕೂತರು. ಕಾರ್ಡು ಪ್ರತಿ ಅಲೆಗೂ ಪ್ರತಿ ಎಲೆಗೂ ನೆರಳು ಬಿಡಿಸಹೋಗಿ ಕಾದು ಕೆಂಡವಾಯಿತು. ಚಿತ್ರ ತಡವರಿಸಿತು, ದೋಣಿ ಬಂಡೆಗೆ ಬಡಿಯಿತು.

"ನೆರಳುಗಳನ್ನು ಬಿಟ್ಟುಬಿಡು ಅಕ್ಕಾ, ಸುಟ್ಟುಹೋಗುತ್ತೀಯೆ" ಎಂದಿತು ಫ್ಯಾನು.

"ಕಡಿಮೆ ಬಿಡಿಸಿದರೆ, ಇದಕ್ಕೆ ವಯಸ್ಸಾಯಿತೆಂದು ನನ್ನನ್ನು ಎಸೆದುಬಿಟ್ಟಾರು" ಎಂದಿತು ಕಾರ್ಡು.

ಹೊರಗೆ ಕಸ್ತೂರಮ್ಮ ಕೈ ಹಿಂದಕ್ಕೆಳೆದುಕೊಂಡು ಮಗಳಿಗೆ ಹೇಳಿದರು: "ಸಾಕು ಕಣೇ ಪಲ್ಲವಿ. ಈ ಕೈ ಇನ್ನು ಯಾವುದಕ್ಕೂ ಬರಲ್ಲ."

ಈ ಮಾತು ಕಾರ್ಡಿಗೆ ಕೇಳಿಸಿತು. "ತಪ್ಪು ನನ್ನದು, ಬೈಗುಳ ಅವರ ಕೈಗೆ!" ಎಂದು, ತಾನಾಗಿಯೇ ಪರದೆಯ ಮೇಲೆ ಬರೆಯಿತು: "ನೆರಳುಗಳನ್ನು ತೆಗೆಯಲೇ?"

ಪಲ್ಲವಿ ಹೂಂ ಎಂದು ಒತ್ತಿದಳು. ಕಸ್ತೂರಮ್ಮ ಮತ್ತೆ ಆಡತೊಡಗಿದರು. ದೋಣಿ ಬಂಡೆಯನ್ನು ಸುತ್ತಿಬಳಸಿ ಸಲೀಸಾಗಿ ಸಾಗಿತು.

"ನೋಡೇ, ನಾನೇ ತಿರುಗಿಸಿದೆ!" ಎಂದು ಕಸ್ತೂರಮ್ಮ ನಕ್ಕರು.

"ನೆರಳಿಲ್ಲದ್ದು ಅವರಿಗೆ ತಿಳಿಯಿತೇನು?" ಎಂದು ಕಾರ್ಡು ಅಂಜುತ್ತ ಕೇಳಿತು.

"ಅವರು ಚಿತ್ರವನ್ನು ನೋಡುತ್ತಲೇ ಇಲ್ಲ ಅಕ್ಕಾ" ಎಂದಿತು ಫ್ಯಾನು ಮೆಲ್ಲಗೆ ತಿರುಗುತ್ತ, "ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದಾರೆ."