ನಿಂತು ಕೇಳಿದ ವಿಮರ್ಶಕ

“ಗುರುಗಳೇ, ಗುಣದೋಷ ಹೇಳಬೇಕಾದವನು ಮನಸೋಲಬಹುದೇ?” ಎಂದು ಶಾಂತವೀರ ಕೇಳಿದ. ಹಿಂದಿನ ದಿನ ವಿಮರ್ಶೆಗೆಂದು ಹೋದ ಸಂಗೀತ ಕಚೇರಿಯೊಂದರಲ್ಲಿ ಅವನು ತನಗರಿವಿಲ್ಲದೆ ‘ಆಹಾ’ ಎಂದುಬಿಟ್ಟಿದ್ದ. ಪಕ್ಕದಲ್ಲಿದ್ದ ವಿದ್ವಾಂಸರು ತಿರುಗಿ ನೋಡಿದ್ದರು. ಆ ನೋಟ ಇನ್ನೂ ಚುಚ್ಚುತ್ತಿತ್ತು.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸಂಗೀತ ವಿಮರ್ಶಕನಿದ್ದ. ಮೂವತ್ತು ವರ್ಷದಲ್ಲಿ ಅವನು ಯಾವ ಹಾಡಿಗೂ ತಲೆದೂಗಿದವನಲ್ಲ. ಸಭೆಗೆ ಸಭೆಯೇ ತಲೆದೂಗುವಾಗ ಅವನ ತಲೆ ಮಾತ್ರ ನೆಟ್ಟ ಗೂಟದ ಹಾಗೆ ಇರುತ್ತಿತ್ತು. ಹಾಡುವವರು ಆ ತಲೆಯನ್ನು ನೋಡಿಯೇ ಬೆವರುತ್ತಿದ್ದರು. ತಲೆದೂಗಿದವನ ಮಾತಿಗೆ ಬೆಲೆಯಿಲ್ಲ ಎಂಬುದು ಅವನ ನಂಬಿಕೆ. ಅವನ ಹೆಸರು ನಿಂತಿದ್ದೇ ಆ ಅಲುಗದ ತಲೆಯ ಮೇಲೆ. ಪಾಪ, ಕತ್ತು ನೋಯುತ್ತದೆಯೇ ಎಂದು ಅವನನ್ನು ಯಾರೂ ವಿಚಾರಿಸಿರಲಿಲ್ಲ.

ಒಂದು ದಿನ ಪತ್ರಿಕೆಯವರು ಅವನಿಗೆ ಒಂದು ಆಲ್ಬಮ್ ಕಳಿಸಿ, ವಿಮರ್ಶೆ ಬರೆಯಿರಿ ಎಂದರು. ಒಬ್ಬ ಹೆಣ್ಣುಮಗಳು ಕಂಪ್ಯೂಟರಿನಲ್ಲೇ ಕಟ್ಟಿದ ಎಲೆಕ್ಟ್ರಾನಿಕ್ ಕುಣಿತದ ಸಂಗೀತ. ಒಟ್ಟು ಒಂಬತ್ತು ತುಣುಕು. ವಿಮರ್ಶಕ ಹೆಡ್‌ಫೋನ್ ಹಾಕಿಕೊಂಡು ಕುರ್ಚಿಯಲ್ಲಿ ಕೂತ. ತೊಡೆಯ ಮೇಲೆ ಕೈಯಿಟ್ಟು ತಾಳ ಎಣಿಸಿದ. ಎಣಿಸಲು ಏನಿತ್ತು? ನಾಲ್ಕು ಪೆಟ್ಟು, ಮತ್ತೆ ನಾಲ್ಕು ಪೆಟ್ಟು. “ಸಾಹಿತ್ಯವಿಲ್ಲ, ರಾಗವಿಲ್ಲ. ಒಂದೊಂದು ತುಣುಕಿನ ಏಳು ನಿಮಿಷವೂ ಒಂದೇ ಪೆಟ್ಟು. ಹಿಟ್ಟಿನ ಗಿರಣಿಯಲ್ಲಿ ಕೂತರೆ ಇದು ಪುಕ್ಕಟೆ ಸಿಗುತ್ತದೆ” ಎಂದು ಬರೆದ. ಬರೆದುದನ್ನು ತಾನೇ ಎರಡು ಸಲ ಓದಿ ಖುಷಿಪಟ್ಟ.

ಕಳಿಸುವ ಮುನ್ನ, ಹೆಸರು ಸರಿಯಾಗಿ ಬರೆದೆನೇ ಎಂದು ಆಲ್ಬಮಿನ ಹೊದಿಕೆ ನೋಡಿದ. ಕೆಳಗೆ ಸಣ್ಣ ಅಕ್ಷರದಲ್ಲಿ ‘ನಿಂತು ಕೇಳಿ’ ಎಂದಿತ್ತು. ಅವನು ನೇಮದ ಮನುಷ್ಯ. ಹೇಳಿದ ಹಾಗೆ ಕೇಳಲಿಲ್ಲವೆಂದು ನಾಳೆ ಯಾರೂ ಬೆರಳು ತೋರಿಸಬಾರದು. ಎದ್ದು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ ನಿಂತು, ಮೊದಲಿನಿಂದ ಹಾಕಿದ.

ಮೂರು ತುಣುಕು ಮುಗಿದವು. ಏನೂ ಆಗಲಿಲ್ಲ. ನಾಲ್ಕನೆಯದರ ನಡುವೆ ಪೆಟ್ಟು ಇದ್ದಕ್ಕಿದ್ದಂತೆ ನಿಂತುಹೋಯಿತು. ತೆಳ್ಳನೆಯ ಒಂದು ನಾದ ಮಾತ್ರ ಉಳಿಯಿತು. ಪೆಟ್ಟು ನಿಂತರೂ ಅವನ ಕಾಲು ನಿಲ್ಲಲಿಲ್ಲ. ಇಲ್ಲದ ಪೆಟ್ಟಿಗೆ ತನ್ನ ಕಾಲು ನೆಲವನ್ನು ಬಡಿಯುತ್ತಿರುವುದನ್ನು ಅವನು ಕಂಡ. ಮೊದಲು ಹೆದರಿದ. ಆಮೇಲೆ ಬೆರಗಾದ. ತಾನು ಹಳಿದು ಬರೆದದ್ದು ಯಾವಾಗ ತನ್ನ ಮೈಗೆ ಇಳಿಯಿತೆಂದು ಅವನಿಗೇ ತಿಳಿಯಲಿಲ್ಲ. ಪೆಟ್ಟು ಮರಳಿ ಬಂದಾಗ ಅವನ ಕಣ್ಣು ತುಂಬಿ ಬಂತು.

ಆಗ ಅವನಿಗೆ ಕೇಳಿಸತೊಡಗಿತು. ಒಂದೇ ಪೆಟ್ಟು ಎಂದು ಬರೆದಿದ್ದ. ಅದು ಒಂದೇ ಆಗಿರಲಿಲ್ಲ. ಪಂಕ್ತಿಯಲ್ಲಿ ಉಂಡವರು ಎದ್ದು, ಹೊಸದಾಗಿ ಬಂದವರಿಗೆ ಜಾಗ ಬಿಡುವ ಹಾಗೆ, ಎಂಟು ಸುತ್ತಿಗೊಮ್ಮೆ ಒಂದು ಸದ್ದು ಎದ್ದು ಇನ್ನೊಂದು ಬಂದು ಕೂರುತ್ತಿತ್ತು. ಏಳನೆಯ ತುಣುಕಿನಲ್ಲಿ ಆ ಹೆಣ್ಣುಮಗಳು ಪೆಟ್ಟನ್ನು ನಿಲ್ಲಿಸಿ, ಧೈರ್ಯ ಸಾಲದೆ ಬೇಗನೆ ಮರಳಿಸಿದ್ದಳು. ಅಲ್ಲಿ ಅವನ ಕಾಲು ಎಡವಿತು. ಕುರ್ಚಿಯಲ್ಲಿ ಕೂತಿದ್ದಾಗ ಆ ತಪ್ಪೂ ಅವನಿಗೆ ಸಿಕ್ಕಿರಲಿಲ್ಲ.

ಹೆಂಡತಿ ಬಂದು ಅವನ ಹೆಡ್‌ಫೋನ್ ಸರಿಸಿದಳು.

“ಏನ್ರೀ, ಕೆಳಗಿನ ಮನೆಯವರು ಬಂದಿದಾರೆ. ಮಟಮಟ ಮಧ್ಯಾಹ್ನ ಯಾರು ಖಾರ ಕುಟ್ತಿರೋದು ಅಂತ ಕೇಳ್ತಿದಾರೆ.”

ಕೆಳಗಿನ ಮನೆಯಾತ ಸಂಗೀತ ಸಭೆಯ ಕಾರ್ಯದರ್ಶಿ. ಅವನ ಕಿವಿಗೆ ಬಿದ್ದ ಮಾತು ಊರಿಗೆಲ್ಲ ಬಿದ್ದಂತೆ. ಹೌದು, ಖಾರವೇ ಎಂದಿದ್ದರೆ ಮೂವತ್ತು ವರ್ಷದ ಹೆಸರು ಉಳಿಯುತ್ತಿತ್ತು.

“ನಾನೇ ಕುಣೀತಿದ್ದೆ ಅಂತ ಹೇಳು” ಎಂದ ವಿಮರ್ಶಕ.

ಬರೆದದ್ದನ್ನು ಹರಿದು ಹಾಕಿ ಹೊಸದಾಗಿ ಬರೆದ. ಸದ್ದುಗಳು ಜಾಗ ಬದಲಿಸುವ ಬಗೆಯನ್ನು ಬರೆದ. ಏಳನೆಯ ತುಣುಕಿನ ತಪ್ಪನ್ನೂ ಮುಲಾಜಿಲ್ಲದೆ ಬರೆದ. ಆದರೆ ಮೊದಲ ಸಾಲಿನಲ್ಲಿ ‘ನಾನು ಕುಣಿದೆ’ ಎಂದಿತ್ತು. ಸಭೆಯವರು ಆ ಸಾಲಿನಾಚೆ ಓದಲಿಲ್ಲ. ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಅವನ ಕುರ್ಚಿಯನ್ನು ಇನ್ನೊಬ್ಬನಿಗೆ ಕೊಟ್ಟರು.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನಿಗೆ ಸಮಾಧಾನವಾಗಲಿಲ್ಲ.

“ಸಭೆಯವರು ನಕ್ಕದ್ದರಲ್ಲಿ ತಪ್ಪೇನು, ಗುರುಗಳೇ? ಕುಣಿದವನ ತೀರ್ಪನ್ನು ನಂಬುವುದು ಹೇಗೆ?”

“ತೂಗಾಡದ ತಕ್ಕಡಿ ಏನನ್ನು ತೂಗೀತು, ಮಗೂ?” ಎಂದರು ಗುರುಗಳು.