ಜಟ್ಟಪ್ಪ ಅಳೆದ ಗಾಳಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆಗೆ ಏಡಿ ಜೋತುಬೀಳಲಿ.

ನಮ್ಮಕ್ಕ ಮಾಸ್ತಿಗೆ ಒಬ್ಬನೇ ಮಗ, ಜಟ್ಟಪ್ಪ. ಹಾಲು ಉಕ್ಕಿದರೆ ಕರಿ ಅಂದರೆ, ಪೂರ್ತಿ ಉಕ್ಕಿ ಒಲೆ ಆರಿದ ಮೇಲೆ ಕರೆಯುವವನು. ಯಾವ ಕೆಲಸದಲ್ಲೂ ನಿಲ್ಲಲಿಲ್ಲ. ಇವನಿಗೆ ಯಾರು ಹೆಣ್ಣು ಕೊಡ್ತಾರೋ ತಮ್ಮಾ ಅಂತ ಅಕ್ಕ ಅತ್ತಳು. ಅಲೆಗಳೇ ನನ್ನ ಮಾತು ಕೇಳುವಾಗ ಫಾರೂಕ್ ಸಾಹೇಬರು ಕೇಳದಿರುತ್ತಾರೆಯೇ? ಅವರ ಸ್ಕೂಬಾ ಅಂಗಡಿಗೆ ಸೇರಿಸಿಬಿಟ್ಟೆ.

ನೇತ್ರಾಣಿ ದ್ವೀಪದ ಹತ್ತಿರ ಮುಳುಗುವವರಿಗೆ ಅಲ್ಲಿ ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿ ತುಂಬುತ್ತಾರೆ. ನೂರಕ್ಕೆ ಮೂವತ್ತೆರಡು ಪಾಲು. ಅಳತೆ ತಪ್ಪಿದರೆ ಆಳದಲ್ಲಿ ಪ್ರಾಣಕ್ಕೇ ಸಂಚಕಾರ. ಸಾಹೇಬರು ಹೇಳಿದರು, ನಿಧಾನ ತುಂಬು, ಟ್ಯಾಂಕು ಮುಟ್ಟಿ ನೋಡು, ಬಿಸಿಯಾದರೆ ನಿಲ್ಲಿಸು.

ಜಟ್ಟಪ್ಪ ಮುಟ್ಟಿದ. ಟ್ಯಾಂಕು ಬಿಸಿಲಲ್ಲಿತ್ತು, ಬಿಸಿಯಾಗಿತ್ತು. ನಿಲ್ಲಿಸಿದ. ಶುರುಮಾಡುವ ಮೊದಲೇ ನಿಲ್ಲಿಸಿದ. ದೋಣಿಗೆ ಹೋದದ್ದು ಬರೀ ಖಾಲಿ ಟ್ಯಾಂಕು.

ಸಾಹೇಬರು ಬೈದರು. ಕೈ ನಂಬಬೇಡ, ಆಮ್ಲಜನಕ ಅಳೆಯುವ ಮೀಟರ್ ನಂಬು. ಮೊದಲು ಬಯಲ ಗಾಳಿಗೆ ಹಿಡಿ, ಇಪ್ಪತ್ತೊಂದು ಬಂದರೆ ಮೀಟರ್ ಸರಿಯಿದೆ. ಆಮೇಲೆ ಅಳೆದು ಚೀಟಿ ಅಂಟಿಸು.

ಜಟ್ಟಪ್ಪ ಬಯಲಲ್ಲಿ ಹಿಡಿದ. ಇಪ್ಪತ್ತೊಂದು ಬಂತು. ಎಲ್ಲ ಟ್ಯಾಂಕಿಗೂ ಇಪ್ಪತ್ತೊಂದು ಅಂತ ಅಂಟಿಸಿದ.

ಸಾಹೇಬರು ಮತ್ತೆ ಬೈದರು. ಸಮುದ್ರಕ್ಕೆ ಇಳಿಯುವ ಯಾವುದನ್ನೂ ಬಾಯಿಗೆ ಮೀಟರ್ ಹಿಡಿಯದೆ ಬಿಡಬೇಡ. ಕಡಿಮೆ ಬಂದರೆ ಖಾಲಿ ಮಾಡಿ ಮತ್ತೆ ತುಂಬು. ನಾಳೆ ಪರವಾನಗಿ ಅಧಿಕಾರಿ ಬರುತ್ತಾರೆ, ನಾಳೆ ತಪ್ಪಿದರೆ ನೀನು ಮನೆಗೆ.

ಅಧಿಕಾರಿ ಹೇಳಿದ ದಿನವೇ ಬಂದರು. ಸಾಹೇಬರ ಮನೆಯಲ್ಲಿ ಬಿರಿಯಾನಿ ಉಂಡು, ಏನೂ ನೋಡದೆ ಸಹಿ ಹಾಕಲು ಪೆನ್ನು ತೆಗೆದರು. ಅದಕ್ಕೂ ಮೊದಲು ಸುಮ್ಮನೆ ಸಮುದ್ರದಲ್ಲಿ ಒಂದು ಮುಳುಗು ಹಾಕೋಣ ಅಂತ ಅಂಗಿ ಬಿಚ್ಚಿದ್ದೇ ತಪ್ಪಾಯಿತು.

ಸಾಹೇಬರು ಓಡಿಬರುವ ಹೊತ್ತಿಗೆ ಅಧಿಕಾರಿಯ ಹಣೆ ಮೇಲೆ ಚೀಟಿ. ಹದಿನಾರು.

"ಏನೋ ಇದು ಜಟ್ಟಪ್ಪ?"

"ಬಾಯಿಗೆ ಹಿಡಿದೆ ಸಾಹೇಬ್ರೆ, ಊದಿದ್ರು. ಬಯಲಗಾಳಿಗಿಂತ್ಲೂ ಕಡಿಮೆ. ಖಾಲಿ ಮಾಡಿ ಅಂದ್ರೆ ಒಪ್ತಾ ಇಲ್ಲ, ಈಗಷ್ಟೇ ತುಂಬ್ಕೊಂಡು ಬಂದ್ರಂತೆ."

ಅಧಿಕಾರಿಯ ಮುಖ ಬೆಳ್ಳಗಾಗಿತ್ತು. ಇಷ್ಟು ವರ್ಷ ಊರೂರು ತಪಾಸಣೆ ಮಾಡಿದವರು, ಅವರನ್ನು ತಪಾಸಣೆ ಮಾಡಿದ್ದು ಇದೇ ಮೊದಲು. ಅದೇ ಪೆನ್ನಿನಲ್ಲಿ ಬರೆದರು: "ಇಲ್ಲಿ ಪರೀಕ್ಷೆ ಬಹಳ ಕಟ್ಟುನಿಟ್ಟು. ನಾನೇ ಫೇಲಾದೆ."

ಪರವಾನಗಿ ಸಿಕ್ಕಿತು, ಜಟ್ಟಪ್ಪನ ಕೆಲಸ ಕಾಯಂ. ಮಾಸ್ತಕ್ಕ ಹೆಣ್ಣು ನೋಡಲು ಕರೆದುಕೊಂಡು ಹೋದಳು. ಹುಡುಗಿ ಬಂದು ಕೂತಳೋ ಇಲ್ಲವೋ, ಇವನು ಜೇಬಿನಿಂದ ಮೀಟರ್ ತೆಗೆದು ವಿನಯದಿಂದ ಕೇಳಿದ, "ಸ್ವಲ್ಪ ಊದ್ತೀರಾ?"

ಎಲ್ಲ ನಿಜ. ಅಧಿಕಾರಿ ಹೇಳಿದ ದಿನವೇ ಬಂದರು ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು.